ಆಜ್ಞೆಯಿಲ್ಲದ ಆಡಳಿತ: ಸ್ವಯಂಸೇವಕರ ಮುಕ್ತ ತಂತ್ರಾಂಶ ಯೋಜನೆಗಳು ನಡೆಯುವ ಬಗೆ

ಪೀಠಿಕೆ

ಚೆನ್ನೈ ನಗರದ ಜಾರ್ಜ್ ಟೌನಿನಲ್ಲಿ ರಾಜಾಜಿ ಸಾಲೈ ಮತ್ತು ನೇತಾಜಿ ಸುಭಾಷ್‌ಚಂದ್ರ ಬೋಸ್ ರಸ್ತೆಗಳು ಕೂಡುವ ಸ್ಥಳವನ್ನು ಪ್ಯಾರೀಸ್ ಕಾರ್ನರ್ ಎಂದು ಕರೆಯುತ್ತಾರೆ. 1788ರಲ್ಲಿ ಮದ್ರಾಸಿನಲ್ಲಿ ವ್ಯಾಪಾರ ಆರಂಭಿಸಿದ ವೇಲ್ಸ್ ಪ್ರಾಂತ್ಯದ ಥಾಮಸ್ ಪ್ಯಾರಿಯಿಂದ ಈ ಹೆಸರು ಬಂದಿದೆ. ಪ್ಯಾರಿ 1824ರಲ್ಲಿ ತೀರಿಕೊಂಡನು. ಅವನು ಕಟ್ಟಿದ ವ್ಯಾಪಾರ ಸಂಸ್ಥೆ ಮಾತ್ರ ಎರಡು ಶತಮಾನಗಳನ್ನು ದಾಟಿ, 1981ರಲ್ಲಿ ಮುರುಗಪ್ಪ ಸಮೂಹದ ಕೈಸೇರಿ, ಇಂದಿಗೂ ಉಳಿದಿದೆ. ಅವನ ಪಾಲುದಾರ ಜಾನ್ ವಿಲಿಯಂ ಡೇರ್‌ನ ಹೆಸರನ್ನು ಹೊತ್ತ, 1940ರಲ್ಲಿ ಪೂರ್ಣಗೊಂಡ ಡೇರ್ ಹೌಸ್ ಕಟ್ಟಡ ಆ ಮೂಲೆಯಲ್ಲಿಯೇ ಇದೆ. ರಸ್ತೆಯ ಆಚೆ ಬದಿಯಲ್ಲಿ 1892ರಲ್ಲಿ ಆರಂಭವಾದ ಉಚ್ಚ ನ್ಯಾಯಾಲಯದ ಕೆಂಪು ಕಟ್ಟಡಗಳಿವೆ.

ಸ್ಥಾಪಕನು ಹೋದ ಮೇಲೂ ಸಂಸ್ಥೆ ಉಳಿಯುವುದು ಹೇಗೆ? ವ್ಯಾಪಾರ ಸಂಸ್ಥೆಯ ವಿಷಯದಲ್ಲಿ ಉತ್ತರ ಕಠಿಣವಲ್ಲ. ಅಲ್ಲಿ ಬಂಡವಾಳವಿರುತ್ತದೆ, ಸಂಬಳವಿರುತ್ತದೆ, ಪಾಲುಗಾರಿಕೆಯ ಕರಾರು ಇರುತ್ತದೆ. ಕರಾರು ಮುರಿದರೆ ಎದುರಿಗೇ ನ್ಯಾಯಾಲಯವಿರುತ್ತದೆ. ಆದರೆ ಬಂಡವಾಳ, ಸಂಬಳ, ಕರಾರು ಇವು ಯಾವುವೂ ಇಲ್ಲದೆ, ಪರಸ್ಪರ ಮುಖವನ್ನೂ ನೋಡದ ಜನರು ಬಿಡುವಿನ ವೇಳೆಯಲ್ಲಿ ಕೂಡಿ ನಡೆಸುವ ಕಾರ್ಯವೊಂದು ದಶಕಗಳ ಕಾಲ ಉಳಿಯಬಲ್ಲುದೇ? ಮುಕ್ತ ತಂತ್ರಾಂಶ ಯೋಜನೆಗಳು ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತವೆ. ನಮ್ಮ ಕಚೇರಿ, ಶಾಲೆ, ಬ್ಯಾಂಕು ಮತ್ತು ದೂರವಾಣಿಗಳೆಲ್ಲವೂ ಇಂದು ಒಂದಿಲ್ಲೊಂದು ಬಗೆಯಲ್ಲಿ ಇಂತಹ ತಂತ್ರಾಂಶವನ್ನು ಅವಲಂಬಿಸಿರುವುದರಿಂದ, ಅವುಗಳ ಆಡಳಿತವು ಹೇಗೆ ನಡೆಯುತ್ತದೆ ಎಂಬುದನ್ನು ಸಾರ್ವಜನಿಕರು ತಿಳಿದಿರುವುದು ಅವಶ್ಯಕ.

ಮುಕ್ತ ತಂತ್ರಾಂಶ ಎಂದರೇನು?

ಗಣಕಯಂತ್ರಕ್ಕೆ ನೀಡುವ ಆದೇಶಗಳ ಮೂಲ ಬರಹವನ್ನು ಮೂಲ ಸಂಕೇತ ಎನ್ನುತ್ತಾರೆ. ಸಾಮಾನ್ಯವಾಗಿ ಕಂಪನಿಗಳು ಇದನ್ನು ಗೋಪ್ಯವಾಗಿಡುತ್ತವೆ. ಮುಕ್ತ ತಂತ್ರಾಂಶದಲ್ಲಿ ಮೂಲ ಸಂಕೇತವು ಎಲ್ಲರಿಗೂ ತೆರೆದಿರುತ್ತದೆ. ಅದನ್ನು ಬಳಸುವ, ಓದಿ ಅರಿಯುವ, ತಿದ್ದುವ ಮತ್ತು ಇತರರಿಗೆ ಹಂಚುವ ಹಕ್ಕನ್ನು ಪರವಾನಗಿಯೇ ಬಳಕೆದಾರನಿಗೆ ನೀಡುತ್ತದೆ. ಬೆಲೆ ಇಲ್ಲದಿರುವುದು ಇದರ ಮುಖ್ಯ ಲಕ್ಷಣವಲ್ಲ; ಹಕ್ಕು ದೊರೆಯುವುದು ಮುಖ್ಯ ಲಕ್ಷಣ.

ಇಂತಹ ಯೋಜನೆಗಳಲ್ಲಿ ಕಂಪನಿಗಳ ಸಂಬಳ ಪಡೆದು ದುಡಿಯುವವರೂ ಇದ್ದಾರೆ. ಆದರೆ ಅನೇಕ ಮಹತ್ವದ ಯೋಜನೆಗಳು ಇಂದಿಗೂ ಸ್ವಯಂಸೇವಕರ ಹೆಗಲ ಮೇಲೆಯೇ ನಿಂತಿವೆ.

ಚೆನ್ನೈ ನಗರವು ಇದಕ್ಕೆ ಉತ್ತಮ ನಿದರ್ಶನವನ್ನು ಒದಗಿಸುತ್ತದೆ. ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಇಲಾಖೆಯು 2005ರಲ್ಲಿ ಮುಕ್ತ ತಂತ್ರಾಂಶಕ್ಕಾಗಿ ರಾಷ್ಟ್ರೀಯ ಸಂಪನ್ಮೂಲ ಕೇಂದ್ರವೊಂದನ್ನು ಈ ನಗರದಲ್ಲಿ ಆರಂಭಿಸಿತು. ಅಣ್ಣಾ ವಿಶ್ವವಿದ್ಯಾಲಯದ ಎಯು-ಕೆಬಿಸಿ ಸಂಶೋಧನಾ ಕೇಂದ್ರ ಮತ್ತು ಸಿ-ಡ್ಯಾಕ್ ಸಂಸ್ಥೆಯ ಚೆನ್ನೈ ಶಾಖೆ ಇದರಲ್ಲಿ ಸಹಭಾಗಿಗಳಾಗಿದ್ದವು. ಸಿ-ಡ್ಯಾಕ್ ಚೆನ್ನೈ ಶಾಖೆಯು 2007ರ ಜನವರಿಯಲ್ಲಿ ಭಾರತೀಯ ಭಾಷೆಗಳಿಗೆ ಅನುಕೂಲವಾದ ‘ಬಾಸ್’ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಬಿಡುಗಡೆ ಮಾಡಿತು. ಕನ್ನಡವೂ ಅದರ ಭಾಷೆಗಳಲ್ಲೊಂದು. ಬಾಸ್ ಸರ್ಕಾರಿ ಸಂಸ್ಥೆಯ ಕೃತಿಯೇ ಆದರೂ ಅದರ ತಳಹದಿ ಮಾತ್ರ ಸ್ವಯಂಸೇವಕರದ್ದು. ಆ ತಳಹದಿಯ ಹೆಸರು ಡೆಬಿಯನ್. ಆದ್ದರಿಂದ ಈ ಪಾಠದಲ್ಲಿ ಡೆಬಿಯನ್ ಯೋಜನೆಯನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಡೆಬಿಯನ್: ಬರೆದಿಟ್ಟ ಸಂವಿಧಾನ

1993ರ ಆಗಸ್ಟ್ 16ರಂದು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ವಿದ್ಯಾರ್ಥಿ ಇಯಾನ್ ಮರ್ಡಾಕ್ ಈ ಯೋಜನೆಯನ್ನು ಪ್ರಕಟಿಸಿದರು. ಮೊದಲ ಮೂರು ವರ್ಷ ಅವರೇ ನಾಯಕರು. 1996ರಲ್ಲಿ ಅವರು ಆ ಸ್ಥಾನವನ್ನು ಬಿಟ್ಟರು, 2015ರಲ್ಲಿ ನಿಧನರಾದರು. ಯೋಜನೆ ನಿಲ್ಲಲಿಲ್ಲ. ಜಗತ್ತಿನ ನಾನಾ ದೇಶಗಳ ಸುಮಾರು ಒಂದು ಸಾವಿರ ಅಧಿಕೃತ ಸದಸ್ಯರು ಇಂದು ಅದನ್ನು ನಡೆಸುತ್ತಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಅವರ ವಾರ್ಷಿಕ ಸಮ್ಮೇಳನ ಕೇರಳದ ಕೊಚ್ಚಿಯಲ್ಲಿ ನಡೆಯಿತು.

ಸ್ಥಾಪಕರು ಹೋದ ಮೇಲೂ ಯೋಜನೆ ಉಳಿಯಲು ಎರಡು ದಾಖಲೆಗಳು ಕಾರಣವಾದವು. ಮೊದಲನೆಯದು 1997ರ ಸಾಮಾಜಿಕ ಒಪ್ಪಂದ. ತಂತ್ರಾಂಶ ಎಂದೆಂದಿಗೂ ಮುಕ್ತವಾಗಿರುವುದು, ದೋಷಗಳನ್ನು ಮುಚ್ಚಿಡದಿರುವುದು, ಬಳಕೆದಾರರ ಹಿತಕ್ಕೆ ಆದ್ಯತೆ ನೀಡುವುದು ಎಂಬ ಭರವಸೆಗಳನ್ನು ಅದು ಸಾರ್ವಜನಿಕರಿಗೆ ನೀಡಿತು. ಎರಡನೆಯದು 1998ರ ಡಿಸೆಂಬರಿನಲ್ಲಿ ಅಂಗೀಕೃತವಾದ ಸಂವಿಧಾನ. ಯಾವ ನಿರ್ಣಯವನ್ನು ಯಾರು ಕೈಗೊಳ್ಳಬೇಕು ಎಂಬುದನ್ನು ಅದು ನಿಗದಿಪಡಿಸಿತು. ಮೊದಲ ದಾಖಲೆ ಯೋಜನೆಯ ಗುರಿಯನ್ನು ಹೇಳಿದರೆ, ಎರಡನೆಯದು ಅದರ ಅಧಿಕಾರದ ಹಂಚಿಕೆಯನ್ನು ಹೇಳುತ್ತದೆ.

ಈ ಸಂವಿಧಾನದಲ್ಲಿ ಒಂದು ವಿಶೇಷ ನಿಯಮವಿದೆ. ಯಾವ ಸದಸ್ಯನ ಮೇಲೂ ಕೆಲಸ ಮಾಡಲೇಬೇಕೆಂಬ ಹೊಣೆಯನ್ನು ಅದು ಹೊರಿಸುವುದಿಲ್ಲ. ಒಪ್ಪಿಸಿದ ಕೆಲಸ ಬೇಡವೆನಿಸಿದರೆ ಸದಸ್ಯನು ಅದನ್ನು ಬಿಡಬಹುದು. ಆದರೆ ಒಟ್ಟಾಗಿ ಕೈಗೊಂಡ ನಿರ್ಣಯದ ವಿರುದ್ಧ ಕೆಲಸ ಮಾಡುವಂತಿಲ್ಲ. ಸ್ವಯಂಸೇವಕರ ಆಡಳಿತದ ತಿರುಳು ಇದೇ. ಇಲ್ಲಿ ಯಾರಿಗೂ ‘ಮಾಡು’ ಎಂದು ಆಜ್ಞಾಪಿಸಲಾಗದು. ‘ಕೆಡಿಸಬೇಡ’ ಎಂದು ಮಾತ್ರ ಹೇಳಬಹುದು. ಉಳಿದ ನಿಯಮಗಳೆಲ್ಲವೂ ಈ ಮಿತಿಯೊಳಗೆ ರೂಪುಗೊಂಡಿವೆ.

ಅಧಿಕಾರದ ಹಂಚಿಕೆ

ಡೆಬಿಯನ್‌ನಲ್ಲಿ ಅಧಿಕಾರವು ಹಲವು ಕಡೆ ಹಂಚಿಹೋಗಿದೆ. ತಂತ್ರಾಂಶದ ಒಂದೊಂದು ಘಟಕವನ್ನು ಪ್ಯಾಕೇಜ್ ಎನ್ನುತ್ತಾರೆ. ಅದರ ಹೊಣೆ ಹೊತ್ತವರನ್ನು ಪಾಲಕರು ಎನ್ನಬಹುದು. ತನ್ನ ಪ್ಯಾಕೇಜಿನ ವಿಷಯದಲ್ಲಿ ದಿನನಿತ್ಯದ ನಿರ್ಣಯಗಳನ್ನು ಪಾಲಕನೇ ಕೈಗೊಳ್ಳುತ್ತಾನೆ. ಯಾರ ಅಪ್ಪಣೆಯನ್ನೂ ಕಾಯಬೇಕಾಗಿಲ್ಲ. ಕೆಲಸ ಮಾಡುವವನಿಗೇ ನಿರ್ಣಯದ ಹಕ್ಕು ಎಂಬುದು ಇದರ ಹಿಂದಿನ ತತ್ತ್ವ.

ಯೋಜನೆಯ ನಾಯಕನನ್ನು ಪ್ರತಿ ವರ್ಷ ಚುನಾಯಿಸಲಾಗುತ್ತದೆ. ಅವನು ಪ್ರತಿನಿಧಿಗಳನ್ನು ನೇಮಿಸುತ್ತಾನೆ, ತುರ್ತು ಸಂದರ್ಭಗಳಲ್ಲಿ ನಿರ್ಣಯ ಕೈಗೊಳ್ಳುತ್ತಾನೆ, ಯೋಜನೆಯ ಪರವಾಗಿ ಹೊರಗೆ ಮಾತನಾಡುತ್ತಾನೆ. ಆದರೆ ತಾನು ನೇಮಿಸಿದ ಪ್ರತಿನಿಧಿಯು ಒಮ್ಮೆ ಕೈಗೊಂಡ ನಿರ್ಣಯವನ್ನು ಅವನು ತಾನೇ ರದ್ದುಪಡಿಸುವಂತಿಲ್ಲ.

ಪಾಲಕರ ನಡುವೆ ತಾಂತ್ರಿಕ ವಿವಾದ ಹುಟ್ಟಿದರೆ ಅದು ತಾಂತ್ರಿಕ ಸಮಿತಿಗೆ ಹೋಗುತ್ತದೆ. ಪಾಲಕನ ನಿರ್ಣಯವನ್ನು ಬದಲಿಸಲು ಸಮಿತಿಯಲ್ಲಿ ಮೂರಕ್ಕೆ ಒಂದರ ಬಹುಮತ ಬೇಕು. ದುಡಿಯುವವನ ಮಾತನ್ನು ಸುಲಭವಾಗಿ ತಳ್ಳಿಹಾಕಬಾರದೆಂಬುದೇ ಈ ಕಟ್ಟುನಿಟ್ಟಿಗೆ ಕಾರಣ. ಎಲ್ಲಕ್ಕೂ ಮೇಲೆ ಸದಸ್ಯರ ಸಾಮಾನ್ಯ ನಿರ್ಣಯವಿದೆ. ನಾಯಕ ಹಾಗೂ ಸಮಿತಿಯ ನಿರ್ಣಯಗಳನ್ನು ಸದಸ್ಯರೆಲ್ಲರ ಮತದಾನದಿಂದ ಬದಲಿಸಬಹುದು.

ಮತದಾನದ ಕ್ರಮವೂ ಗಮನಾರ್ಹ. ಸದಸ್ಯನು ಒಬ್ಬ ಅಭ್ಯರ್ಥಿಗೆ ಮಾತ್ರ ಗುರುತು ಹಾಕದೆ, ಎಲ್ಲರನ್ನೂ ತನ್ನ ಇಷ್ಟದ ಕ್ರಮದಲ್ಲಿ 1, 2, 3 ಎಂದು ಜೋಡಿಸುತ್ತಾನೆ. ಬಳಿಕ ಪ್ರತಿ ಇಬ್ಬರನ್ನು ಹೋಲಿಸಿ, ಹೆಚ್ಚು ಜನ ಯಾರನ್ನು ಮೇಲಿಟ್ಟಿದ್ದಾರೆಂದು ಎಣಿಸಲಾಗುತ್ತದೆ. ‘ಮೇಲಿನ ಯಾರೂ ಅಲ್ಲ’ ಎಂಬ ಆಯ್ಕೆಯೂ ಉಂಟು. ನಮ್ಮ ದೇಶದ ಚುನಾವಣೆಗಳಲ್ಲಿ 2013ರಿಂದ ಇಂತಹ ಆಯ್ಕೆ ಬಂದಿರುವುದನ್ನು ಓದುಗರು ಬಲ್ಲರು. ಡೆಬಿಯನ್‌ನಲ್ಲಿ ಆ ಆಯ್ಕೆಯೇ ಗೆದ್ದರೆ ಚುನಾವಣೆಯನ್ನು ಮತ್ತೊಮ್ಮೆ ನಡೆಸಬೇಕಾಗುತ್ತದೆ.

ಸಹಕಾರ ಸಂಘದೊಡನೆ ಹೋಲಿಕೆ

ಕನ್ನಡಿಗರಿಗೆ ಈ ಬಗೆಯ ಸಂಘಟನೆ ತೀರ ಅಪರಿಚಿತವೇನಲ್ಲ. 1904ರ ಕಾಯಿದೆಯನ್ನು ಅನುಸರಿಸಿ 1905ರಲ್ಲಿ ಗದಗ ಪ್ರದೇಶದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಆರಂಭವಾಯಿತು. ಸಹಕಾರ ಸಂಘದಲ್ಲಿ ಪಾಲು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಉಪನಿಯಮಗಳು ಬರಹದಲ್ಲಿರುತ್ತವೆ, ಸರ್ವಸದಸ್ಯರ ಸಭೆ ನಡೆಯುತ್ತದೆ, ಆಡಳಿತ ಮಂಡಳಿ ಬದಲಾಗುತ್ತದೆ.

ಡೆಬಿಯನ್‌ನಲ್ಲಿಯೂ ಇವೆಲ್ಲವೂ ಇವೆ. ಆದರೆ ಒಂದು ಮುಖ್ಯ ಭೇದವನ್ನು ಮರೆಯಬಾರದು. ಸಹಕಾರ ಸಂಘದಲ್ಲಿ ಸದಸ್ಯನ ಹಣ ತೊಡಗಿರುತ್ತದೆ. ಆದ್ದರಿಂದ ಅವನು ಸುಲಭವಾಗಿ ಬಿಟ್ಟುಹೋಗಲಾರ. ಮುಕ್ತ ತಂತ್ರಾಂಶ ಯೋಜನೆಯಲ್ಲಿ ತೊಡಗಿರುವುದು ಶ್ರಮ ಮಾತ್ರ. ಮನಸ್ಸು ಮುರಿದ ದಿನ ಸ್ವಯಂಸೇವಕನು ಹೇಳದೆಯೇ ಹೊರಟುಹೋಗಬಹುದು. ಆದ್ದರಿಂದ ಇಲ್ಲಿ ಆಡಳಿತವು ಜನರ ವಿಶ್ವಾಸವನ್ನು ದಿನದಿನವೂ ಗಳಿಸಬೇಕಾಗುತ್ತದೆ.

ಕಾಲನಿಗದಿ ಮತ್ತು ಕಾರ್ಯಯೋಜನೆ

ಆಜ್ಞೆ ಮಾಡಲಾಗದ ಕಡೆ ಕೆಲಸದ ಯೋಜನೆಯನ್ನು ರೂಪಿಸುವುದು ಹೇಗೆ? ಇದಕ್ಕೆ ಎರಡು ಮಾರ್ಗಗಳು ಬಳಕೆಯಲ್ಲಿವೆ.

ಮೊದಲನೆಯದು, ಕೆಲಸ ಮುಗಿದಾಗ ಬಿಡುಗಡೆ ಮಾಡುವ ಮಾರ್ಗ. ಇದರಲ್ಲಿ ಗುಣಮಟ್ಟ ಕಾಪಾಡಲ್ಪಡುತ್ತದೆ, ಆದರೆ ಕಾಲದ ಅಂದಾಜು ಸಿಗುವುದಿಲ್ಲ. ಡೆಬಿಯನ್‌ನ 3.0 ಆವೃತ್ತಿ 2002ರ ಜುಲೈನಲ್ಲಿ ಬಂದಿತು, ಮುಂದಿನ 3.1 ಆವೃತ್ತಿಗೆ ಬಳಕೆದಾರರು 2005ರ ಜೂನ್‌ವರೆಗೆ ಕಾಯಬೇಕಾಯಿತು.

ಎರಡನೆಯದು, ದಿನವನ್ನು ಮೊದಲೇ ನಿಗದಿಪಡಿಸುವ ಮಾರ್ಗ. ಊರ ಜಾತ್ರೆಯಲ್ಲಿ ತೇರಿನ ದಿನ ಬದಲಾಗುವುದಿಲ್ಲ. ಅಷ್ಟರೊಳಗೆ ಸಿದ್ಧವಾದ ಅಲಂಕಾರ ತೇರಿಗೇರುತ್ತದೆ, ಉಳಿದದ್ದು ಮುಂದಿನ ವರ್ಷಕ್ಕೆ. ಅದೇ ರೀತಿ ಗ್ನೋಮ್ ಯೋಜನೆ ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿಯನ್ನು ಹೊರತರುತ್ತದೆ. ಲಿನಕ್ಸ್ ಕರ್ನೆಲ್‌ನಲ್ಲಿ ಸುಮಾರು ಒಂಬತ್ತು ಹತ್ತು ವಾರಗಳ ಆವರ್ತವಿದೆ. ಮೊದಲ ಎರಡು ವಾರ ಹೊಸ ಸಂಗತಿಗಳನ್ನು ಸೇರಿಸಿಕೊಂಡು, ಉಳಿದ ವಾರಗಳನ್ನು ದೋಷ ತಿದ್ದಲು ಮೀಸಲಿಡಲಾಗುತ್ತದೆ. ಅವಕಾಶ ತಪ್ಪಿದವನು ಮುಂದಿನ ಸರದಿಗೆ ಕಾಯುತ್ತಾನೆ. ಮುಂದಿನ ಸರದಿ ಬಂದೇ ಬರುತ್ತದೆಂಬ ನಂಬಿಕೆ ಇರುವುದರಿಂದ ಅರೆಬೆಂದ ಕೆಲಸವನ್ನು ಒಳಗೆ ತುರುಕುವ ಆತುರ ಕಡಿಮೆಯಾಗುತ್ತದೆ.

ಡೆಬಿಯನ್ ಇಂದು ಈ ಎರಡು ಮಾರ್ಗಗಳನ್ನೂ ಕೂಡಿಸಿಕೊಂಡಿದೆ. ಹೊಸ ಪ್ಯಾಕೇಜ್ ಮೊದಲು ‘ಅಸ್ಥಿರ’ ಎಂಬ ವಿಭಾಗಕ್ಕೆ ಬರುತ್ತದೆ. ಕೆಲವು ದಿನ ಗಂಭೀರ ದೋಷ ಕಾಣದಿದ್ದರೆ ‘ಪರೀಕ್ಷಾ’ ವಿಭಾಗಕ್ಕೆ ಸಾಗುತ್ತದೆ. ಪೂರ್ವನಿರ್ಧರಿತ ದಿನದಿಂದ ಹೊಸ ಸೇರ್ಪಡೆಗಳನ್ನು ಹಂತಹಂತವಾಗಿ ನಿಲ್ಲಿಸಲಾಗುತ್ತದೆ. ಬಿಡುಗಡೆಗೆ ತಡೆಯಾಗುವ ದೋಷಗಳು ತೀರಿದ ಮೇಲೆ ಅದು ‘ಸ್ಥಿರ’ ಆವೃತ್ತಿಯಾಗುತ್ತದೆ. ಹೀಗಾಗಿ 2021ರ ಆಗಸ್ಟ್, 2023ರ ಜೂನ್ ಮತ್ತು 2025ರ ಆಗಸ್ಟ್ ತಿಂಗಳುಗಳಲ್ಲಿ, ಸುಮಾರು ಎರಡು ವರ್ಷಗಳ ಅಂತರದಲ್ಲಿ, ಸ್ಥಿರ ಆವೃತ್ತಿಗಳು ಹೊರಬಂದವು.

ಭಿನ್ನಾಭಿಪ್ರಾಯದ ನಿರ್ವಹಣೆ

ನಿಯಮಗಳಿದ್ದರೂ ಜಗಳಗಳು ತಪ್ಪುವುದಿಲ್ಲ. ಗಣಕಯಂತ್ರ ಚಾಲೂ ಆಗುವಾಗ ಇತರ ಕಾರ್ಯಗಳನ್ನು ಎಬ್ಬಿಸುವ ತಂತ್ರಾಂಶ ಯಾವುದಿರಬೇಕೆಂಬ ಬಗ್ಗೆ ಡೆಬಿಯನ್‌ನಲ್ಲಿ ತೀವ್ರ ವಿವಾದವೆದ್ದಿತು. 2014ರ ಫೆಬ್ರವರಿಯಲ್ಲಿ ತಾಂತ್ರಿಕ ಸಮಿತಿಯ ಮತಗಳು ಸಮನಾಗಿ, ಅಧ್ಯಕ್ಷರ ನಿರ್ಣಾಯಕ ಮತದಿಂದ ಸಿಸ್ಟಮ್‌ಡಿ ಎಂಬ ತಂತ್ರಾಂಶವನ್ನು ಆರಿಸಲಾಯಿತು. ಅದೇ ವರ್ಷ ಸರ್ವಸದಸ್ಯರ ಮತದಾನವೂ ನಡೆಯಿತು. ಅದರಿಂದಲೂ ತೃಪ್ತರಾಗದ ಕೆಲವರು ಬೇರೆಯಾಗಿ ‘ದೇವುವಾನ್’ ಎಂಬ ಯೋಜನೆಯನ್ನು ಆರಂಭಿಸಿ, 2017ರಲ್ಲಿ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದರು.

ಹೀಗೆ ಕವಲೊಡೆಯುವ ಹಕ್ಕು ಪರವಾನಗಿಯಲ್ಲಿಯೇ ಇದೆ. ಇದರಿಂದ ಶಕ್ತಿ ಹಂಚಿಹೋಗುತ್ತದೆಯೆಂಬುದು ನಿಜ. ಆದರೆ ಒಪ್ಪದವನು ಮೂಲ ಸಂಕೇತದೊಡನೆ ಹೊರನಡೆಯಬಲ್ಲನೆಂಬ ಅರಿವು ನಾಯಕರನ್ನು ಎಚ್ಚರದಲ್ಲಿಡುತ್ತದೆ. ಕೇಳಿಸಿಕೊಳ್ಳದೆ ಆಳುವವನ ಬಳಿ ಜನ ಉಳಿಯುವುದಿಲ್ಲ.

ಬೇರೆ ಮಾದರಿಗಳೂ ಇವೆ. ಲಿನಕ್ಸ್ ಕರ್ನೆಲ್‌ನಲ್ಲಿ ವಿಭಾಗಗಳಿಗೆ ಪ್ರತ್ಯೇಕ ಪಾಲಕರಿದ್ದು, ಕೊನೆಯ ಮಾತು 1991ರಲ್ಲಿ ಅದನ್ನು ಆರಂಭಿಸಿದ ಲಿನಸ್ ಟೋರ್ವಾಲ್ಡ್ಸ್ ಅವರದು. ಪೈಥಾನ್ ಭಾಷೆಯ ಜನಕ ಗ್ವಿಡೊ ವಾನ್ ರಾಸಮ್ 2018ರ ಜುಲೈನಲ್ಲಿ, ಕಹಿಯಾದ ಚರ್ಚೆಯೊಂದರ ಬಳಿಕ, ನಿರ್ಣಾಯಕ ಸ್ಥಾನದಿಂದ ಕೆಳಗಿಳಿದರು. ಉತ್ತರಾಧಿಕಾರಿಯನ್ನು ಅವರು ಹೆಸರಿಸಲಿಲ್ಲ. ಸದಸ್ಯರು ಹಲವು ಆಡಳಿತ ಕ್ರಮಗಳನ್ನು ಪರಿಶೀಲಿಸಿ, 2019ರಲ್ಲಿ ಐವರ ಚುನಾಯಿತ ಮಂಡಳಿಯನ್ನು ರಚಿಸಿಕೊಂಡರು. ಒಬ್ಬ ವ್ಯಕ್ತಿಯ ಮೇಲಿನ ವಿಶ್ವಾಸದಿಂದ ಆರಂಭವಾದ ಯೋಜನೆಯೂ ಕಾಲಕ್ರಮದಲ್ಲಿ ಲಿಖಿತ ನಿಯಮದ ಕಡೆಗೆ ಸಾಗಬೇಕಾಗುತ್ತದೆಂಬುದಕ್ಕೆ ಇದು ಸಾಕ್ಷಿ.

ಒಂಟಿ ಪಾಲಕನ ಅಪಾಯ

ಆಡಳಿತದ ಕೊರತೆಯಿಂದ ಆಗಬಹುದಾದ ಹಾನಿಯನ್ನು 2024ರ ಘಟನೆಯೊಂದು ತೋರಿಸಿಕೊಟ್ಟಿತು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ಎಂಬ ಚಿಕ್ಕ ತಂತ್ರಾಂಶವು ಅಸಂಖ್ಯಾತ ಗಣಕಯಂತ್ರಗಳಲ್ಲಿದೆ. ಅದನ್ನು ಬಹುಕಾಲ ಒಬ್ಬನೇ ಸ್ವಯಂಸೇವಕ ಪಾಲಿಸುತ್ತಿದ್ದನು. ಕೆಲಸ ನಿಧಾನವೆಂದು ಅಪರಿಚಿತರು ಒತ್ತಡ ಹೇರುತ್ತಿದ್ದಾಗ, ನೆರವಿಗೆ ಬಂದವನೊಬ್ಬ ಎರಡು ವರ್ಷಗಳಿಗೂ ಹೆಚ್ಚು ಕಾಲ ಶ್ರದ್ಧೆಯಿಂದ ದುಡಿದು ವಿಶ್ವಾಸ ಗಳಿಸಿದನು. ಜಂಟಿ ಪಾಲಕನಾದ ಮೇಲೆ, ದೂರದಿಂದ ಗಣಕಯಂತ್ರಗಳೊಳಗೆ ನುಗ್ಗಲು ಅನುವಾಗುವ ಕಳ್ಳಬಾಗಿಲನ್ನು ಅವನು ಅದರಲ್ಲಿ ಅಡಗಿಸಿಟ್ಟನು.

2024ರ ಮಾರ್ಚ್ 29ರಂದು ಈ ಸಂಚು ಬಯಲಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ದೂರದ ಯಂತ್ರಕ್ಕೆ ಪ್ರವೇಶ ಪಡೆಯುವಾಗ ಸುಮಾರು ಅರ್ಧ ಸೆಕೆಂಡಿನಷ್ಟು ವಿಳಂಬವಾಗುವುದನ್ನು ಗಮನಿಸಿ, ಕಾರಣ ಹುಡುಕುತ್ತ ಹೋಗಿ ಇದನ್ನು ಪತ್ತೆ ಮಾಡಿದರು. ಕಲುಷಿತ ಪ್ಯಾಕೇಜ್ ಡೆಬಿಯನ್‌ನ ಅಸ್ಥಿರ ಮತ್ತು ಪರೀಕ್ಷಾ ವಿಭಾಗಗಳನ್ನು ತಲುಪಿತ್ತು. ಸ್ಥಿರ ಆವೃತ್ತಿಯನ್ನು ತಲುಪಿರಲಿಲ್ಲ.

ಇದರಲ್ಲಿ ಎರಡು ಪಾಠಗಳಿವೆ. ಮೂಲ ಸಂಕೇತ ತೆರೆದಿದ್ದುದರಿಂದ ಮತ್ತು ಬಿಡುಗಡೆಗೆ ಹಂತಗಳಿದ್ದುದರಿಂದ ದೊಡ್ಡ ಅನಾಹುತ ತಪ್ಪಿತು. ಆದರೆ ಲೋಕವೇ ಬಳಸುವ ತಂತ್ರಾಂಶದ ಭಾರವನ್ನು ದಣಿದ ಒಬ್ಬ ಮನುಷ್ಯನ ಮೇಲೆ ಬಿಟ್ಟದ್ದರಿಂದಲೇ ಆ ಅಪಾಯ ಒಳಬಂದಿತು.

ಈ ಕಾರಣದಿಂದಲೇ ಕೆಲಸದ ಹಸ್ತಾಂತರಕ್ಕೂ ನಿಯಮ ಬೇಕು. ತನ್ನ ಪ್ಯಾಕೇಜನ್ನು ಮುಂದುವರಿಸಲಾಗದ ಡೆಬಿಯನ್ ಪಾಲಕನು ನೆರವು ಬೇಕೆಂದೋ, ದತ್ತು ಪಡೆಯುವವರು ಬೇಕೆಂದೋ, ಪ್ಯಾಕೇಜ್ ಅನಾಥವಾಗಿದೆಯೆಂದೋ ಬಹಿರಂಗವಾಗಿ ಪ್ರಕಟಿಸಲು ಕ್ರಮವಿದೆ. ಬಹುಕಾಲ ಕಾಣದಿರುವವರನ್ನು ವಿಚಾರಿಸುವ ತಂಡವೂ ಇದೆ. ಬಿಟ್ಟುಹೋಗುವುದು ಅಲ್ಲಿ ಅವಮಾನವಲ್ಲ. ಹೇಳದೆ ಬಿಟ್ಟುಹೋಗುವುದು ಮಾತ್ರ ತೊಂದರೆ.

ಕನ್ನಡಕ್ಕೆ ಇದರ ಸಂಬಂಧ

ಕನ್ನಡದ ಒತ್ತಕ್ಷರ ಮತ್ತು ಗುಣಿತಾಕ್ಷರಗಳು ಪರದೆಯ ಮೇಲೆ ಸರಿಯಾಗಿ ಕೂಡಿಕೊಳ್ಳಲು ಪ್ರತ್ಯೇಕ ತಂತ್ರಾಂಶ ಬೇಕು. ಆಂಡ್ರಾಯ್ಡ್ ದೂರವಾಣಿ, ಫೈರ್‌ಫಾಕ್ಸ್, ಕ್ರೋಮ್ ಮತ್ತು ಲಿಬ್ರೆ ಆಫೀಸ್‌ಗಳಲ್ಲಿ ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಡೆಬಿಯನ್‌ನಲ್ಲಿ ಗುಬ್ಬಿ ಮತ್ತು ನವಿಲು ಎಂಬ ಮುಕ್ತ ಕನ್ನಡ ಅಕ್ಷರಶೈಲಿಗಳ ಪ್ಯಾಕೇಜುಗಳಿವೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವನ್ನೂ ಸ್ವಯಂಸೇವಕರೇ ಬೆಳೆಸಿದ್ದಾರೆ.

ಅನುವಾದದ ವಿಷಯದಲ್ಲಿ ಕಾಲನಿಗದಿಯು ಮುಖ್ಯವಾಗುತ್ತದೆ. ಪ್ರತಿ ಹೊಸ ಆವೃತ್ತಿಯಲ್ಲಿ ಹೊಸ ವಾಕ್ಯಗಳು ಸೇರುತ್ತವೆ. ಅನುವಾದಕರು ಹಿಂದೆ ಬಿದ್ದರೆ ಆ ವಾಕ್ಯಗಳು ಇಂಗ್ಲಿಷಿನಲ್ಲಿಯೇ ಕಾಣಿಸಿಕೊಳ್ಳುತ್ತವೆ. ಗ್ನೋಮ್ ಯೋಜನೆಯು ಶೇಕಡ 80ರಷ್ಟು ವಾಕ್ಯಗಳ ಅನುವಾದ ಮುಗಿದ ಭಾಷೆಯನ್ನು ಮಾತ್ರ ಬೆಂಬಲಿತ ಭಾಷೆಯೆಂದು ಎಣಿಸುತ್ತದೆ. ಹೀಗಾಗಿ ಒಮ್ಮೆ ದೊರೆತ ಸ್ಥಾನ ಶಾಶ್ವತವಲ್ಲ. ಒಂದಿಬ್ಬರ ಉತ್ಸಾಹದಿಂದ ಕನ್ನಡ ಗಣಕಯಂತ್ರದೊಳಗೆ ಬರಬಹುದು. ಆದರೆ ಅಲ್ಲಿ ಉಳಿಯಬೇಕಾದರೆ ಸರದಿಯಂತೆ ಹೊಣೆ ಹೊರುವ ತಂಡ ಬೇಕು.

ಸರ್ಕಾರದ ನೀತಿ

ಭಾರತ ಸರ್ಕಾರವು 2015ರಲ್ಲಿ ಮುಕ್ತ ತಂತ್ರಾಂಶದ ಅಳವಡಿಕೆಯ ನೀತಿಯನ್ನು ಪ್ರಕಟಿಸಿತು. ಸರ್ಕಾರಿ ಗಣಕ ವ್ಯವಸ್ಥೆಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡಬೇಕೆಂದೂ, ಅದನ್ನು ಕೈಬಿಟ್ಟರೆ ಸಮರ್ಥನೆ ನೀಡಬೇಕೆಂದೂ ಅದು ತಿಳಿಸುತ್ತದೆ. ಸರ್ಕಾರಿ ತಂತ್ರಾಂಶಗಳ ಮೂಲ ಸಂಕೇತವನ್ನು ತೆರೆದು ಸಹಯೋಗದಿಂದ ಅಭಿವೃದ್ಧಿಪಡಿಸುವ ನೀತಿಯೂ ಅದೇ ವರ್ಷ ಬಂದಿತು. ಆದರೆ ಬಳಸುವುದರಿಂದಷ್ಟೇ ಕರ್ತವ್ಯ ಮುಗಿಯುವುದಿಲ್ಲ. ಬಳಸುವ ಸಂಸ್ಥೆಗಳು ಕಂಡ ದೋಷಗಳನ್ನು ಮೂಲ ಯೋಜನೆಗೆ ತಿಳಿಸುವುದು, ಮಾಡಿದ ತಿದ್ದುಪಡಿಗಳನ್ನು ಹಿಂದಿರುಗಿಸುವುದು ಮತ್ತು ಪಾಲಕರಿಗೆ ನೆರವಾಗುವುದು ಅಗತ್ಯ. ಕೆರೆಯ ನೀರನ್ನು ಊರೆಲ್ಲ ಬಳಸಿ ಹೂಳೆತ್ತುವುದನ್ನು ಒಬ್ಬನಿಗೇ ಬಿಟ್ಟರೆ ಕೆರೆ ಉಳಿಯದು.

ಹೊಸ ತಂಡ ಕಟ್ಟುವವರಿಗೆ ಸೂಚನೆಗಳು

1. ಯೋಜನೆಯ ಗುರಿಯನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಇಡಬೇಕು.
2. ಯಾವ ನಿರ್ಣಯ ಯಾರದೆಂಬುದನ್ನು ಜಗಳ ಹುಟ್ಟುವ ಮೊದಲೇ ನಿಗದಿಪಡಿಸಬೇಕು.
3. ನಿರ್ಣಯಗಳನ್ನೂ ಅವುಗಳ ಕಾರಣಗಳನ್ನೂ ಬರಹದಲ್ಲಿ ದಾಖಲಿಸಬೇಕು.
4. ಬಿಡುಗಡೆಯ ದಿನವನ್ನು ನಿಗದಿಪಡಿಸಿ, ಅಪೂರ್ಣ ಕೆಲಸವನ್ನು ಮುಂದಿನ ಸರದಿಗೆ ಬಿಡಬೇಕು.
5. ಪ್ರತಿ ಕೆಲಸಕ್ಕೂ ಕನಿಷ್ಠ ಇಬ್ಬರು ತಿಳಿದವರಿರಬೇಕು. ಗುಪ್ತಪದಗಳು ಒಬ್ಬನ ಬಳಿಯೇ ಇರಬಾರದು.
6. ಹೊಸಬರ ಕೆಲಸವನ್ನು ಸೌಜನ್ಯದಿಂದ, ಆದರೆ ತಪ್ಪದೆ ಪರಿಶೀಲಿಸಬೇಕು.
7. ಹೊಣೆಯಿಂದ ಬಿಡುಗಡೆ ಪಡೆಯುವ ಮಾರ್ಗ ಸುಲಭವೂ ಗೌರವಯುತವೂ ಆಗಿರಬೇಕು.

ಉಪಸಂಹಾರ

ಪ್ಯಾರಿಯ ಹೆಸರು ಮೂಲೆಗೆ ಉಳಿಯಿತು; ಅವನ ಸಂಸ್ಥೆಯನ್ನು ಉಳಿಸಿದ್ದು ಕರಾರು ಮತ್ತು ಕಾನೂನು. ಡೆಬಿಯನ್‌ಗೆ ಅಂತಹ ಮೂಲೆಯೂ ಇಲ್ಲ, ಕಟ್ಟಡವೂ ಇಲ್ಲ. ಕೆಲವು ಪುಟಗಳ ನಿಯಮ, ಪ್ರತಿ ವರ್ಷದ ಮತದಾನ ಮತ್ತು ಒಬ್ಬರು ಬಿಟ್ಟ ಕೆಲಸವನ್ನು ಮತ್ತೊಬ್ಬರು ಕೈಗೆತ್ತಿಕೊಳ್ಳುವ ಪದ್ಧತಿ, ಇಷ್ಟೇ ಅದರ ಆಸ್ತಿ. ಸ್ವಯಂಸೇವೆಗೆ ನಿಯಮ ಬೇಕಿಲ್ಲವೆಂದು ಹಲವರು ತಿಳಿಯುತ್ತಾರೆ. ವಾಸ್ತವದಲ್ಲಿ, ಸಂಬಳದ ಬಂಧನವಿಲ್ಲದ ಕಡೆಯೇ ನ್ಯಾಯವಾದ ನಿಯಮದ ಅಗತ್ಯ ಹೆಚ್ಚು.

ಅಭ್ಯಾಸಕ್ಕಾಗಿ ಪ್ರಶ್ನೆಗಳು

1. ಸಹಕಾರ ಸಂಘಕ್ಕೂ ಮುಕ್ತ ತಂತ್ರಾಂಶ ಯೋಜನೆಗೂ ಇರುವ ಸಾಮ್ಯ ಮತ್ತು ಭೇದಗಳನ್ನು ತಿಳಿಸಿ.
2. ಬಿಡುಗಡೆಯ ದಿನವನ್ನು ಮೊದಲೇ ನಿಗದಿಪಡಿಸುವುದರಿಂದ ಆಗುವ ಲಾಭಗಳೇನು?
3. 2024ರ ಎಕ್ಸ್‌ಝಡ್ ಘಟನೆಯಲ್ಲಿ ಡೆಬಿಯನ್‌ನ ಸ್ಥಿರ ಆವೃತ್ತಿ ಸುರಕ್ಷಿತವಾಗಿ ಉಳಿಯಲು ಕಾರಣವೇನು?
4. ನಿಮ್ಮ ಊರಿನ ಗ್ರಂಥಾಲಯ, ಯುವಕ ಸಂಘ ಅಥವಾ ಮಹಿಳಾ ಮಂಡಳಿಯಲ್ಲಿ ಕೆಲಸದ ಹಸ್ತಾಂತರ ಹೇಗೆ ನಡೆಯುತ್ತದೆ? ಅದಕ್ಕೆ ಲಿಖಿತ ನಿಯಮವಿದೆಯೇ? ಚರ್ಚಿಸಿ.